ರೈತನ ಮುಪ್ಪು ಮತ್ತು ಮಾಸಾಶನದ ನಿಯಮಗಳು



ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ಕಳೆ, ಕೀಟಗಳ ವಿಷಯವಾಗಿ ನಾವು ಬರೆಯುವುದು ವಾಡಿಕೆ. ಈ ಸಲ ಅದನ್ನು ಬಿಟ್ಟು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಬೆಳೆಯ ಆರೈಕೆಯನ್ನು ಕುರಿತು ಎಷ್ಟೋ ಬರೆದಿದ್ದೇವೆ, ಬೆಳೆ ಬೆಳೆಯುವವನ ಮುಪ್ಪನ್ನು ಕುರಿತು ಬರೆದದ್ದು ಬಹಳ ಕಡಿಮೆ. ಇದು ಬೇಸಾಯಶಾಸ್ತ್ರದ ವಿಷಯವಲ್ಲವೆಂದು ಕೆಲವರು ಹೇಳಬಹುದು. ಬೇಸಾಯ ಮಾಡುವವನ ಬದುಕು ಬೇಸಾಯಶಾಸ್ತ್ರಕ್ಕೆ ಹೊರತಾದುದಲ್ಲ ಎಂಬುದು ನನ್ನ ಅಭಿಪ್ರಾಯ.

ಕೆಲವು ತಿಂಗಳ ಹಿಂದೆ ಒಂದು ಹಳ್ಳಿಯಲ್ಲಿ ರಾಗಿಯ ಕ್ಷೇತ್ರೋತ್ಸವ ನಡೆಯಿತು. ಎಂ.ಎಲ್. 365 ತಳಿಯ ತಾಕಿನ ಮುಂದೆ ನಿಂತು ಸಾಲಿನ ಅಂತರ, ಮೇಲುಗೊಬ್ಬರ, ಬೆಂಕಿರೋಗದ ಹತೋಟಿ ಎಲ್ಲವನ್ನೂ ವಿವರಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದೆವು. ಹಿಂದೆ ನಿಂತಿದ್ದ ಹಿರಿಯರೊಬ್ಬರು ಮುಂದೆ ಬಂದು ಹೆಗಲ ಚೀಲದಿಂದ ಎರಡು ಕಾಗದ ತೆಗೆದರು. ಮತದಾರರ ಚೀಟಿಯ ಪ್ರಕಾರ ಅವರಿಗೆ 66 ವರ್ಷ, ಆಧಾರ್ ಚೀಟಿಯ ಪ್ರಕಾರ 61. "ಸ್ವಾಮಿ, ಒಂದು ಕಾಗದದಾಗೆ ನಾನು ಮುದುಕ, ಇನ್ನೊಂದರಾಗೆ ಇನ್ನೂ ಆಗಿಲ್ಲ. ಸಂಧ್ಯಾ ಸುರಕ್ಷಾ ಅರ್ಜಿಗೆ ಯಾವುದು ನಡೀತದೆ?" ಎಂದು ಕೇಳಿದರು. ಸುತ್ತ ನಿಂತವರು ನಕ್ಕರು. ಅವರು ಮಾತ್ರ ನಗಲಿಲ್ಲ. ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ತಿಳಿದಿರಲಿಲ್ಲ. ಅಂದು ಸಂಜೆ ಹಿಂದಿರುಗುವಾಗ ನನಗಾದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಆ ಹಿರಿಯರ ತಲೆಮಾರನ್ನು ಸ್ವಲ್ಪ ನೆನಪಿಸಿಕೊಳ್ಳಿ. 1970ರ ದಶಕದಲ್ಲಿ ಡಾ. ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ತಳಿಗಳನ್ನು ಕೊಟ್ಟಾಗ ಹೊಸ ಬೀಜವನ್ನು ಧೈರ್ಯವಾಗಿ ಬಿತ್ತಿದವರು ಇವರು ಮತ್ತು ಇವರ ಅಣ್ಣಂದಿರು. ಪಡಿತರದ ಗೋಧಿಗೆ ಕೈಯೊಡ್ಡುತ್ತಿದ್ದ ನಾಡಿಗೆ ಮನೆಯ ಕಣಜದಿಂದ ಕಾಳು ತುಂಬಿಕೊಟ್ಟವರು. ಅಂಥವರು ಇಂದು ತಿಂಗಳ ಕೆಲವು ನೂರು ರೂಪಾಯಿಗಾಗಿ ಚೀಲದಲ್ಲಿ ಕಾಗದ ಹೊತ್ತು ತಿರುಗುತ್ತಿದ್ದಾರೆ.

ನಿಯಮ ಬದಲಾದ ಬಗೆ

ವೃದ್ಧಾಪ್ಯ ವೇತನದ ನಿಯಮಗಳು ಹೇಗೆ ಬದಲಾಗುತ್ತಾ ಬಂದಿವೆ ಎಂಬುದನ್ನು ಮೊದಲು ತಿಳಿಯೋಣ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವು ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆಯನ್ನು ಜಾರಿಗೆ ತಂದಿತು. ಆಗ 65 ವರ್ಷ ತುಂಬಿದ ನಿರ್ಗತಿಕರಿಗೆ ಮಾತ್ರ ತಿಂಗಳಿಗೆ 75 ರೂ. ಸಿಗುತ್ತಿತ್ತು. 2006ರಲ್ಲಿ ಈ ಮೊತ್ತ 200 ರೂ. ಆಯಿತು. 2007ರ ನವೆಂಬರಿನಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರಿಟ್ಟು, ನಿರ್ಗತಿಕ ಎಂಬ ಷರತ್ತಿನ ಬದಲು ಬಡತನ ರೇಖೆಗಿಂತ ಕೆಳಗಿರುವ ಕುಟುಂಬ ಎಂಬ ಷರತ್ತು ತಂದರು. 2011ರ ಏಪ್ರಿಲಿನಿಂದ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿ, 80 ದಾಟಿದವರಿಗೆ 500 ರೂ. ಎಂದು ನಿಗದಿ ಮಾಡಿದರು. 60ರಿಂದ 79ರವರೆಗಿನವರಿಗೆ ಕೇಂದ್ರದ ಪಾಲು ಮಾತ್ರ ಅದೇ 200 ರೂಪಾಯಿಗೆ ನಿಂತಿದೆ.

ನಮ್ಮ ರಾಜ್ಯದಲ್ಲಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಆರಂಭವಾಯಿತು. ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಅಸಂಘಟಿತ ವಲಯದ ಇತರ ದುಡಿಮೆಗಾರರು 65 ವರ್ಷವಾದ ಮೇಲೆ ಇದಕ್ಕೆ ಅರ್ಹರು. ಪತಿಪತ್ನಿಯರ ಒಟ್ಟು ಆದಾಯ ವರ್ಷಕ್ಕೆ 20 ಸಾವಿರ ರೂ. ಮೀರಿರಬಾರದು, ಬ್ಯಾಂಕಿನ ಠೇವಣಿ 10 ಸಾವಿರ ರೂ. ಮೀರಿರಬಾರದು ಎಂಬ ಷರತ್ತುಗಳು ಆಗ ಇದ್ದವು. ನಂತರ ಆದಾಯದ ಮಿತಿಯನ್ನು 32 ಸಾವಿರಕ್ಕೆ ಏರಿಸಿದರು. ಮಾಸಾಶನವನ್ನು 2018ರಲ್ಲಿ 600ರಿಂದ 1000 ರೂಪಾಯಿಗೂ, 2021ರಲ್ಲಿ 1000ದಿಂದ 1200 ರೂಪಾಯಿಗೂ ಹೆಚ್ಚಿಸಿದರು.

ಇದಲ್ಲದೆ ವಂತಿಗೆ ಕಟ್ಟಿ ಪಡೆಯುವ ಪಿಂಚಣಿಗಳೂ ಇವೆ. 2010ರಲ್ಲಿ ಸ್ವಾವಲಂಬನ್ ಎಂಬ ಯೋಜನೆ ಬಂತು. 2015ರಲ್ಲಿ ಅದರ ಜಾಗಕ್ಕೆ ಅಟಲ್ ಪಿಂಚಣಿ ಯೋಜನೆ ಬಂತು. 2022ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಕಟ್ಟುವವರು ಅದಕ್ಕೆ ಹೊಸದಾಗಿ ಸೇರುವಂತಿಲ್ಲ ಎಂದಾಯಿತು. 2019ರಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಗಾಗಿಯೇ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆ ಬಂತು.

ಬದಲಾವಣೆಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ವಯಸ್ಸು 65ರಿಂದ 60ಕ್ಕೆ ಇಳಿದದ್ದು ಒಳ್ಳೆಯದೇ ಆಯಿತು. ಮೊತ್ತ ಏರಿದ್ದೂ ಒಳ್ಳೆಯದೇ. ಆದರೆ ಒಂದು ಯೋಜನೆಗೆ 60, ಇನ್ನೊಂದಕ್ಕೆ 65. ಒಂದಕ್ಕೆ ಪಡಿತರ ಚೀಟಿ, ಇನ್ನೊಂದಕ್ಕೆ ಪಹಣಿ. ಒಂದಕ್ಕೆ ಆದಾಯ, ಮತ್ತೊಂದಕ್ಕೆ ಹಿಡುವಳಿ. ಹೊಲ ಬಿಟ್ಟು ಕಚೇರಿ ಕಾಣದ ಮನುಷ್ಯನು ಇವೆಲ್ಲವನ್ನೂ ತಿಳಿದುಕೊಳ್ಳುವ ಹೊತ್ತಿಗೆ ನಿಯಮ ಮತ್ತೆ ಬದಲಾಗಿರುತ್ತದೆ. ಪಡಿತರ ಚೀಟಿಯ ಸಂಗತಿಯನ್ನೇ ನೋಡಿ. 2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟೋ ಬಡವರ ಚೀಟಿಗಳು ಇದ್ದಕ್ಕಿದ್ದಂತೆ ಬದಲಾಗಿ ಗದ್ದಲವೆದ್ದಿತು. ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರಿಗೆ ಅವನ್ನು ಮರಳಿ ಕೊಡಬೇಕೆಂದು ಸರ್ಕಾರ ಹೇಳಬೇಕಾಯಿತು. ಆ ಕೆಲವು ವಾರ ಹಳ್ಳಿಯ ಮುದುಕ ಮುದುಕಿಯರು ಪಟ್ಟ ಆತಂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಳೆಯಾಶ್ರಿತ ಬೇಸಾಯಕ್ಕೆ ಆದಾಯದ ಮಿತಿ

ಈಗ ನನಗೆ ತಿಳಿದ ವಿಷಯಕ್ಕೆ ಬರುತ್ತೇನೆ. ಎರಡು ಎಕರೆ ಖುಷ್ಕಿ ಜಮೀನಿನಲ್ಲಿ ರಾಗಿ ಬೆಳೆಯುವ ವೃದ್ಧ ದಂಪತಿಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮಳೆ ಚೆನ್ನಾಗಿ ಬಂದ ವರ್ಷ ಎಕರೆಗೆ 8 ಕ್ವಿಂಟಲ್ ಎಂದರೆ ಒಟ್ಟು 16 ಕ್ವಿಂಟಲ್. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 4290 ರೂ. ಇತ್ತು. ಆ ದರದಲ್ಲಿ ಒಟ್ಟು ಹುಟ್ಟುವಳಿ 68,640 ರೂ. ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆಗೆಂದು 40 ಸಾವಿರ ರೂ. ಖರ್ಚಾಯಿತೆಂದು ಇಟ್ಟುಕೊಳ್ಳೋಣ. ಉಳಿದದ್ದು 28,640 ರೂ. ಈ ಲೆಕ್ಕದಲ್ಲಿ ದಂಪತಿಗಳು 32 ಸಾವಿರದ ಮಿತಿಯೊಳಗೆ ಇದ್ದಾರೆ, ಮಾಸಾಶನಕ್ಕೆ ಅರ್ಹರು. ಆದರೆ ಪ್ರಮಾಣಪತ್ರ ಬರೆಯುವವರು ಖರ್ಚು ಕಳೆಯದೆ 68 ಸಾವಿರವನ್ನೇ ಆದಾಯವೆಂದು ಹಿಡಿದರೆ ಅವರು ಅನರ್ಹರು. ಹೊಲವೂ ಅದೇ, ಬೆಳೆಯೂ ಅದೇ. ಕೂಡುವ ಕಳೆಯುವ ರೀತಿಯಿಂದ ಮುಪ್ಪಿನ ಆಸರೆ ಬರುತ್ತದೆ ಅಥವಾ ತಪ್ಪುತ್ತದೆ.

ಮರುವರ್ಷ ಮಳೆ ಕೈಕೊಟ್ಟು ಎಕರೆಗೆ 3 ಕ್ವಿಂಟಲ್ ಬಂತೆನ್ನಿ. ಆರು ಕ್ವಿಂಟಲಿನ ಬೆಲೆ 25,740 ರೂ. ಖರ್ಚೂ ಹುಟ್ಟುವುದಿಲ್ಲ. ಹೀಗೆ ಏರುತ್ತ ಇಳಿಯುತ್ತ ಹೋಗುವ ಆದಾಯವನ್ನು ಒಂದೇ ವರ್ಷದ ಪ್ರಮಾಣಪತ್ರದಿಂದ ಅಳೆಯುವುದು, ಒಂದೇ ದಿನದ ಮಳೆ ನೋಡಿ ಆ ತಾಲ್ಲೂಕಿನ ಹವಾಮಾನ ಹೇಳಿದಂತೆ. ಯಾವ ತಳಿಯನ್ನಾದರೂ ಶಿಫಾರಸು ಮಾಡುವ ಮೊದಲು ನಾವು ವಿಜ್ಞಾನಿಗಳು ಹಲವು ವರ್ಷ, ಹಲವು ಜಾಗಗಳಲ್ಲಿ ಪರೀಕ್ಷಿಸಿ ಸರಾಸರಿ ತೆಗೆಯುತ್ತೇವೆ. ರಾಗಿಗೆ ತೋರಿಸುವ ಈ ನ್ಯಾಯವನ್ನು ರಾಗಿ ಬೆಳೆದವನಿಗೂ ತೋರಿಸಬಾರದೇಕೆ?

ಇನ್ನೊಂದು ಲೆಕ್ಕ ನೋಡಿ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂ. ಇತ್ತು. ಒಂದು ಮನೆಯವರು ಕಾನೂನು ಭರವಸೆ ಕೊಟ್ಟ 100 ದಿನ ಪೂರ್ತಿ ದುಡಿದಿದ್ದರೆ 34,900 ರೂ. ಆಗುತ್ತಿತ್ತು. ಅಂದರೆ ಸರ್ಕಾರವೇ ಬಡವನೆಂದು ಕರೆದು ಕೊಟ್ಟ ಕೂಲಿ, ಸರ್ಕಾರವೇ ಹಾಕಿದ ಬಡತನದ ಮಿತಿಯನ್ನು ದಾಟಿಬಿಡುತ್ತಿತ್ತು. ಮಿತಿಯು ಕೂಲಿ ಮತ್ತು ಬೆಲೆಗಳ ಜೊತೆಗೆ ಏರದೆ ಕಲ್ಲಿನಂತೆ ನಿಂತಿದ್ದರೆ ಹೀಗಾಗುವುದು ಸಹಜ.

ಹಿಡುವಳಿಯ ಮಿತಿಯೂ ಇದೇ ರೀತಿ. ಎರಡು ಹೆಕ್ಟೇರಿನವರೆಗೆ ಇದ್ದವನು ಸಣ್ಣ ರೈತ. ಮಂಡ್ಯದ ನಾಲೆಯ ಕೆಳಗಿನ ಐದು ಎಕರೆ ಗದ್ದೆಯೂ, ಚಳ್ಳಕೆರೆಯ ಐದು ಎಕರೆ ಎರೆಕಲ್ಲಿನ ಹೊಲವೂ ಈ ಲೆಕ್ಕದಲ್ಲಿ ಒಂದೇ. ಚಳ್ಳಕೆರೆ ಕಡೆ ಆರು ಎಕರೆ ಇದ್ದವನು ದೊಡ್ಡವನಾದ, ಮಂಡ್ಯದಲ್ಲಿ ನಾಲ್ಕು ಎಕರೆ ಕಬ್ಬಿನವನು ಸಣ್ಣವನಾದ. ಮಣ್ಣು ಬಲ್ಲವರು ಯಾರೂ ಈ ಮಾತನ್ನು ಒಪ್ಪಲಾರರು.

ರಾಗಿಯಲ್ಲಿ ತೂಗಿ ನೋಡಿದರೆ

ಮಾಸಾಶನವನ್ನು ರೂಪಾಯಿಯಲ್ಲಿ ಎಣಿಸಿದರೆ ಅದರ ಸತ್ವ ತಿಳಿಯುವುದಿಲ್ಲ. ರಾಗಿಯಲ್ಲಿ ತೂಗಿ ನೋಡಿ. 2007-08ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 600 ರೂ. ಕೇಂದ್ರದ 200 ರೂಪಾಯಿಗೆ ಆಗ 33 ಕಿಲೋ ರಾಗಿ ಬರುತ್ತಿತ್ತು. 2025-26ರ ಬೆಂಬಲ ಬೆಲೆ 4886 ರೂ. ಅದೇ 200 ರೂಪಾಯಿಗೆ ಈಗ ನಾಲ್ಕು ಕಿಲೋ. ಒಬ್ಬರ ತಿಂಗಳ ಮುದ್ದೆಗೂ ಅದು ಸಾಲದು. ರಾಜ್ಯ ಸರ್ಕಾರ ತನ್ನ ಪಾಲನ್ನು ಹೆಚ್ಚಿಸಿ 1200 ಮಾಡಿದ್ದರಿಂದ ಮಾನ ಉಳಿದಿದೆ. ಆದರೂ ಅದು 25 ಕಿಲೋ ರಾಗಿಗೆ ಸಮ. ಹದಿನೆಂಟು ವರ್ಷದ ಹಿಂದೆ ಕೇಂದ್ರದ ಪಾಲೊಂದರಿಂದಲೇ ಇದಕ್ಕಿಂತ ಹೆಚ್ಚು ರಾಗಿ ಬರುತ್ತಿತ್ತು.

ಕಿಸಾನ್ ಮಾನ್‌ಧನ್ ಯೋಜನೆಯಲ್ಲೂ ಇದೇ ಕೊರತೆ. ಅದರಲ್ಲಿ 60 ವರ್ಷವಾದ ಮೇಲೆ ತಿಂಗಳಿಗೆ 3000 ರೂ. ಖಚಿತ. 2019-20ರಲ್ಲಿ, ಅಂದರೆ ಯೋಜನೆ ಬಂದಾಗ, ರಾಗಿಯ ಬೆಲೆ 3150 ರೂ.; 3000 ರೂಪಾಯಿಗೆ 95 ಕಿಲೋ. 2025-26ರ ಬೆಲೆಯಲ್ಲಿ 61 ಕಿಲೋ. ಆಗ 40 ವರ್ಷದವನಾಗಿದ್ದು ಸೇರಿದ ರೈತನು ಮೊದಲ ಪಿಂಚಣಿ ಪಡೆಯುವುದು 2039ರಲ್ಲಿ. ಒಬ್ಬನೂ ಒಂದು ರೂಪಾಯಿ ಪಿಂಚಣಿ ತೆಗೆದುಕೊಳ್ಳುವ ಮೊದಲೇ ಅದು ಮೂರರಲ್ಲಿ ಒಂದು ಪಾಲು ಕರಗಿದೆ. ಬೆಲೆಯೊಡನೆ ಏರದ ಪಿಂಚಣಿಯು ಹುಳು ಬಿದ್ದ ಕಣಜದಂತೆ. ಹೊರಗಿನಿಂದ ತುಂಬಿದಂತೆ ಕಂಡರೂ ಒಳಗೆ ಕಾಳು ಟೊಳ್ಳಾಗುತ್ತಾ ಹೋಗುತ್ತದೆ.

ನಡುವೆ ಬಿಟ್ಟುಹೋದವರು

ಕಿಸಾನ್ ಮಾನ್‌ಧನ್ ಮತ್ತು ಅಟಲ್ ಪಿಂಚಣಿ, ಎರಡಕ್ಕೂ ಸೇರುವ ವಯಸ್ಸು 18ರಿಂದ 40. ಅಟಲ್ ಯೋಜನೆ 2015ರಲ್ಲಿ ಬಂತು. ಅಂದರೆ 1974ಕ್ಕೆ ಮೊದಲು ಹುಟ್ಟಿದ ರೈತರಿಗೆ ಇವೆರಡರಲ್ಲಿ ಯಾವುದಕ್ಕೂ ಸೇರುವ ಅವಕಾಶ ಬರಲೇ ಇಲ್ಲ. ಅವರು ಐವತ್ತರ ಆಸುಪಾಸಿನಲ್ಲಿದ್ದಾರೆ ಅಥವಾ ಅದನ್ನು ದಾಟಿದ್ದಾರೆ. ಕೊಳವೆಬಾವಿ ಬತ್ತಿದ್ದನ್ನು ಕಂಡವರು, ಮಕ್ಕಳನ್ನು ಓದಿಸಲು ಸಾಲ ಮಾಡಿದವರು ಇವರೇ. ಇವರಿಗೆ ಉಳಿದಿರುವುದು ಆದಾಯದ ಮಿತಿಯಿರುವ ಮಾಸಾಶನವೊಂದೇ. ಅದರ ನಿಯಮ ಇವರು 65 ಮುಟ್ಟುವ ಹೊತ್ತಿಗೆ ಹೇಗಿರುವುದೋ ಹೇಳಬಲ್ಲವರಿಲ್ಲ.

ನಾನು ಸರ್ಕಾರಿ ಸಂಬಳ ಪಡೆಯುವವನು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದ ನೌಕರರಿಗೆ ಹಳೆಯ ಪಿಂಚಣಿ ಹೋಗಿ ಹೊಸ ಪದ್ಧತಿ ಬಂತು. ಆ ದಿನಾಂಕದ ಈಚೆಗೆ ಸೇರಿದವರಲ್ಲಿ ನಾನೂ ಒಬ್ಬ. ಆದುದರಿಂದ ನಡುಹಾದಿಯಲ್ಲಿ ಗೆರೆ ಎಳೆದರೆ ಆಗುವ ಕಳವಳ ನನಗೆ ಗೊತ್ತು. ಆದರೆ ನೌಕರರಿಗೆ ಸಂಘಗಳಿವೆ, ಮುಷ್ಕರ ಹೂಡುವ ಶಕ್ತಿಯಿದೆ, ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಎರಡು ಎಕರೆಯ ರೈತನು ಮುಷ್ಕರ ಹೂಡಿದರೆ ಒಣಗುವುದು ಅವನದೇ ಬೆಳೆ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ನಾಟಿ, ಕಳೆ, ಕೊಯ್ಲು, ದನಕರು ಎಲ್ಲದರಲ್ಲೂ ಅವರದೇ ದೊಡ್ಡ ಪಾಲು. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಹೆಂಗಸರು ನಡೆಸುವ ಹಿಡುವಳಿಗಳು ಸುಮಾರು ಶೇ. 14 ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವಳನ್ನು ಕಾಗದವು ರೈತಳೆಂದು ಗುರುತಿಸುವುದಿಲ್ಲ. ನಲವತ್ತು ವರ್ಷ ಬಗ್ಗಿದ ಬೆನ್ನಿಗೆ ಯಾವ ಪ್ರಮಾಣಪತ್ರ ಬೇಕು?

ಇನ್ನೊಂದು ಅಪಾಯ ನನ್ನನ್ನು ಹೆಚ್ಚು ಕಾಡುತ್ತದೆ. ಮಾಸಾಶನಕ್ಕೆ ಜಮೀನು ಅಡ್ಡಿಯಾಗುವುದೆಂದು ಹೆದರಿ ಕೆಲವು ಹಿರಿಯರು ಇದ್ದ ಹೊಲವನ್ನು ಮಕ್ಕಳ ಹೆಸರಿಗೆ ಬರೆದುಕೊಡುತ್ತಿದ್ದಾರೆ. ಊರಲ್ಲಿ ಯಾರೋ ಹೇಳಿದರೆಂದು, ಮಧ್ಯವರ್ತಿ ಹೇಳಿದನೆಂದು ಈ ಕೆಲಸ ನಡೆಯುತ್ತದೆ. ತಿಂಗಳಿಗೆ 1200 ರೂ. ಬರುವುದೋ ಇಲ್ಲವೋ, ಹೊಲವಂತೂ ಕೈಬಿಟ್ಟಿತು. ಕೈಯಲ್ಲಿ ಪಹಣಿ ಇರುವ ತನಕ ಮನೆಯಲ್ಲಿ ಮಾತು ನಡೆಯುತ್ತದೆ. ಅದು ಹೋದ ಮೇಲೆ ಜಗಲಿಯೇ ಗತಿ. ಒಂದು ನಿಯಮವು ವೃದ್ಧನಿಗೆ ಆಸರೆ ಕೊಡಲು ಹೊರಟು ಅವನಲ್ಲಿದ್ದ ಆಸರೆಯನ್ನೇ ಬಿಡಿಸುವಂತಿದ್ದರೆ ಆ ನಿಯಮದಲ್ಲಿ ದೋಷವಿದೆ ಎಂದೇ ಅರ್ಥ.

ಆಗಬೇಕಾದುದೇನು?

ಸರ್ಕಾರಗಳು ಬೇಕೆಂದೇ ರೈತನಿಗೆ ಅನ್ಯಾಯ ಮಾಡುತ್ತವೆಂದು ನಾನು ನಂಬುವುದಿಲ್ಲ. ಅನರ್ಹರು ಸೇರಿಕೊಳ್ಳಬಾರದೆಂಬ ಕಾಳಜಿಯೂ ಸರಿಯೇ. ಉಳ್ಳವರು ಬಡವರ ಪಟ್ಟಿಯಲ್ಲಿ ನುಸುಳಿದರೆ ನಷ್ಟ ಬಡವರಿಗೇ. ಆದರೆ ಕಳೆ ಕೀಳುವ ಭರದಲ್ಲಿ ಪೈರನ್ನೇ ಕಿತ್ತುಹಾಕಬಾರದು. ನನ್ನ ಅಭಿಪ್ರಾಯದಲ್ಲಿ ಈ ಕೆಳಗಿನ ಐದು ಮಾರ್ಪಾಡುಗಳು ಅಗತ್ಯ.

ಮೊದಲನೆಯದಾಗಿ, ನಿಯಮವನ್ನು ಬಿಗಿಗೊಳಿಸುವಾಗ ಅರ್ಹತೆಯ ವಯಸ್ಸಿಗೆ ಐದು ವರ್ಷದೊಳಗಿರುವವರಿಗೆ ಹಳೆಯ ನಿಯಮವೇ ಅನ್ವಯಿಸಬೇಕು. ಬಿತ್ತನೆ ಮುಗಿದ ಮೇಲೆ ಬೀಜ ಬದಲಿಸಿ ಎಂದರೆ ರೈತ ಏನು ಮಾಡಿಯಾನು?

ಎರಡನೆಯದಾಗಿ, ಬೇಸಾಯದ ಆದಾಯವನ್ನು ಖರ್ಚು ಕಳೆದು, ಐದು ವರ್ಷಗಳ ಸರಾಸರಿಯಲ್ಲಿ ಲೆಕ್ಕ ಹಾಕಬೇಕು. ತಾಲ್ಲೂಕುವಾರು ಬೆಳೆ ಇಳುವರಿಯ ಅಂಕಿಅಂಶಗಳು ಬೆಳೆ ಕಟಾವು ಪ್ರಯೋಗಗಳಿಂದ ವರ್ಷವರ್ಷ ಸಿದ್ಧವಾಗುತ್ತಲೇ ಇವೆ. ಅವನ್ನು ಬಳಸಿದರೆ ಸಾಕು.

ಮೂರನೆಯದಾಗಿ, ಆದಾಯದ ಮಿತಿ ಮತ್ತು ಮಾಸಾಶನದ ಮೊತ್ತ ಎರಡನ್ನೂ ಬೆಲೆಗಳಿಗೆ ಜೋಡಿಸಿ ಪ್ರತಿ ವರ್ಷ ಏರಿಸಬೇಕು. ನೌಕರರಿಗೆ ತುಟ್ಟಿಭತ್ಯೆ ಕೊಡುವ ಲೆಕ್ಕ ಗೊತ್ತಿರುವ ಸರ್ಕಾರಗಳಿಗೆ ಇದು ಕಷ್ಟವಲ್ಲ.

ನಾಲ್ಕನೆಯದಾಗಿ, ಖುಷ್ಕಿ ಮತ್ತು ನೀರಾವರಿ ಜಮೀನುಗಳಿಗೆ ಬೇರೆ ಬೇರೆ ಮಿತಿ ಇರಬೇಕು. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಪಹಣಿಯಲ್ಲಿ ಹೆಸರಿರಲಿ ಇಲ್ಲದಿರಲಿ ರೈತರೆಂದೇ ಪರಿಗಣಿಸಬೇಕು.

ಐದನೆಯದಾಗಿ, 40 ದಾಟಿದ ಕಾರಣಕ್ಕೆ ವಂತಿಗೆಯ ಯೋಜನೆಗಳಿಂದ ಹೊರಗುಳಿದವರಿಗೆ ಸ್ವಲ್ಪ ಹೆಚ್ಚು ವಂತಿಗೆ ಕಟ್ಟಿ ಸೇರುವ ದಾರಿಯನ್ನು ತೆರೆಯಬೇಕು.

ನೀವು ಮಾಡಬೇಕಾದುದು

ನಿಯಮ ಸರಿಯಾಗಲಿ ಎಂದು ಕಾಯುತ್ತಾ ಕೂರುವಂತಿಲ್ಲ. ಮಳೆ ಬರುವ ಮೊದಲೇ ಬದು ಹಾಕುವವನು ಜಾಣ. ನಿಮ್ಮ ಕೈಯಲ್ಲಿರುವ ಕೆಲಸಗಳು ಇವು.

ಜನ್ಮ ದಿನಾಂಕವನ್ನು ಸರಿಪಡಿಸಿಕೊಳ್ಳಿ. ನಮ್ಮ ಹಿರಿಯರಲ್ಲಿ ಬಹಳ ಮಂದಿಗೆ ಹುಟ್ಟಿದ ದಿನ ತಿಳಿಯದೆ ಆಧಾರಿನಲ್ಲಿ ಜನವರಿ 1 ಎಂದು ಅಂದಾಜಿಗೆ ಬರೆಸಲಾಗಿದೆ. ಅದನ್ನು ತಿದ್ದಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಆದುದರಿಂದ ಓದಿದ ಶಾಲೆಯ ದಾಖಲಾತಿ ಪುಸ್ತಕದಿಂದ ಪ್ರಮಾಣಪತ್ರ ಪಡೆದು, ಒಂದೇ ಸಲಕ್ಕೆ ಸರಿಯಾಗುವಂತೆ ನೋಡಿಕೊಳ್ಳಿ. ಎರಡನೇ ತರಗತಿಗೆ ಶಾಲೆ ಬಿಟ್ಟಿದ್ದರೂ ಹೆಸರು ಆ ಪುಸ್ತಕದಲ್ಲಿ ಇದ್ದೇ ಇರುತ್ತದೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಒಂದು ಮೊಕದ್ದಮೆಯಲ್ಲಿ ವಯಸ್ಸಿನ ನಿರ್ಣಯಕ್ಕೆ ಆಧಾರಿಗಿಂತ ಶಾಲಾ ಪ್ರಮಾಣಪತ್ರಕ್ಕೆ ಮನ್ನಣೆ ಕೊಟ್ಟಿತೆಂಬುದನ್ನು ನೆನಪಿಡಿ. ಈ ಕೆಲಸವನ್ನು 64ನೇ ವಯಸ್ಸಿಗೆ ಬಿಡಬೇಡಿ, 50ರಲ್ಲೇ ಮುಗಿಸಿ.

ಹೆಸರು ಎಲ್ಲ ಕಡೆ ಒಂದೇ ರೀತಿ ಇರಲಿ. ಪಹಣಿಯಲ್ಲಿ ತಂದೆಯ ಹೆಸರು ಕೂಡಿಸಿ, ಆಧಾರಿನಲ್ಲಿ ಊರ ಹೆಸರು ಕೂಡಿಸಿ, ಪಾಸ್ ಪುಸ್ತಕದಲ್ಲಿ ಬರೀ ಹೆಸರು ಇದ್ದರೆ ಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ಮನುಷ್ಯರು.

ಪೌತಿ ಖಾತೆ ಮಾಡಿಸಿಕೊಳ್ಳಿ. ತೀರಿಹೋದ ಅಜ್ಜನ ಹೆಸರಿನಲ್ಲೇ ಪಹಣಿ ನಡೆಯುತ್ತಿದ್ದರೆ ಉಳುವ ಮೊಮ್ಮಗನು ಕಾಗದದಲ್ಲಿ ರೈತನಲ್ಲ. ಪಿಎಂ ಕಿಸಾನ್ ಸಹಾಯಧನಕ್ಕೆ 2019ರ ಫೆಬ್ರವರಿ 1ರ ಹೊತ್ತಿಗೆ ಹೆಸರಿನಲ್ಲಿ ಜಮೀನಿರಬೇಕೆಂದು ಗೆರೆ ಎಳೆದಾಗ ಅನೇಕರು ಪೇಚಿಗೆ ಸಿಕ್ಕಿದ್ದು ಈ ಕಾರಣದಿಂದಲೇ. ಪಾಲು ಮಾಡುವಾಗ ಹೆಂಡತಿ ಮತ್ತು ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ಅದು ಅವರ ಹಕ್ಕು, ಮುಪ್ಪಿನಲ್ಲಿ ಅವರಿಗೆ ಊರುಗೋಲು.

ಮನೆಯಲ್ಲಿ 40 ದಾಟದ ಮಕ್ಕಳಿದ್ದರೆ ವಂತಿಗೆಯ ಯೋಜನೆಗೆ ಸೇರುವ ಬಗ್ಗೆ ಇಂದೇ ಯೋಚಿಸಿ. ಕಿಸಾನ್ ಮಾನ್‌ಧನ್‌ನಲ್ಲಿ 18ನೇ ವಯಸ್ಸಿಗೆ ಸೇರಿದರೆ ತಿಂಗಳಿಗೆ 55 ರೂ., 29ಕ್ಕೆ 100 ರೂ., 40ಕ್ಕೆ 200 ರೂ. ಕಟ್ಟಬೇಕು. ಅಷ್ಟೇ ಮೊತ್ತವನ್ನು ಕೇಂದ್ರ ಸರ್ಕಾರವೂ ಹಾಕುತ್ತದೆ. ಪಿಂಚಣಿ ಪಡೆಯುತ್ತಿರುವವರು ತೀರಿಕೊಂಡರೆ ಪತಿ ಅಥವಾ ಪತ್ನಿಗೆ ಅರ್ಧ, ಅಂದರೆ 1500 ರೂ. ಸಿಗುತ್ತದೆ. ಹತ್ತು ವರ್ಷಕ್ಕೆ ಮೊದಲೇ ಬಿಟ್ಟರೆ ಕಟ್ಟಿದ ಹಣ ಉಳಿತಾಯ ಖಾತೆಯ ಬಡ್ಡಿಯೊಡನೆ ಮರಳುತ್ತದೆ. ಗಂಡ ಹೆಂಡತಿ ಪ್ರತ್ಯೇಕವಾಗಿ ಸೇರಲೂಬಹುದು. ಮೊದಲ ಮೂರು ವರ್ಷದಲ್ಲಿ ಕಡೇಪಕ್ಷ 5 ಕೋಟಿ ರೈತರನ್ನು ಸೇರಿಸುವ ಗುರಿಯಿತ್ತು. 2024ರ ಆಗಸ್ಟಿನವರೆಗೆ ಸೇರಿದವರು ಸುಮಾರು 23 ಲಕ್ಷ ಮಾತ್ರ. ಇದರ ಕೊರತೆಯನ್ನು ಮೇಲೆಯೇ ಹೇಳಿದ್ದೇನೆ. ಆದರೂ ಏನೂ ಇಲ್ಲದ್ದಕ್ಕಿಂತ ಇದು ಮೇಲು.

ಒಂದು ಎಚ್ಚರಿಕೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗೆ ಹೋಗಿಬಂದು ಭವಿಷ್ಯ ನಿಧಿಯ ಸದಸ್ಯರಾಗಿರುವ ಮಕ್ಕಳು ಕಿಸಾನ್ ಮಾನ್‌ಧನ್‌ಗೆ ಅರ್ಹರಲ್ಲ. ಅಂಥವರು ಅಟಲ್ ಪಿಂಚಣಿಯನ್ನು ವಿಚಾರಿಸಬೇಕು. ಅದರಲ್ಲಿ ತಿಂಗಳಿಗೆ 1000ದಿಂದ 5000 ರೂ.ವರೆಗೆ ಪಿಂಚಣಿ ಆರಿಸಿಕೊಳ್ಳಬಹುದು. 5000 ರೂ. ಬೇಕೆಂದರೆ 18ರ ಯುವಕ ತಿಂಗಳಿಗೆ 210 ರೂ., 40ರವನು 1454 ರೂ. ಕಟ್ಟಬೇಕಾಗುತ್ತದೆ. ಬೇಗ ಬಿತ್ತಿದವನಿಗೆ ಬೆಳೆ ಅಗ್ಗ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಯಾವ ಯೋಜನೆಗೇ ಆಗಲಿ, ಸೇರುವ ದಿನ ಜಾರಿಯಲ್ಲಿರುವ ಷರತ್ತುಗಳನ್ನು ಬ್ಯಾಂಕಿನಲ್ಲೋ ನಾಡಕಚೇರಿಯಲ್ಲೋ ಕೇಳಿ, ಸಾಧ್ಯವಾದರೆ ಬರವಣಿಗೆಯಲ್ಲಿ ಪಡೆಯಿರಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ತಿರಸ್ಕರಿಸಿದರೆ ಕಾರಣವನ್ನು ಬರೆದುಕೊಡುವಂತೆ ಕೇಳಿ. ಬಾಯಿಮಾತಿನ ತಿರಸ್ಕಾರಕ್ಕೆ ಮೇಲ್ಮನವಿ ಹಾಕಲಾಗದು.

ಕೊನೆಯದಾಗಿ, ಮಾಸಾಶನದ ಆಸೆಗೆ ಹೊಲವನ್ನು ಬರೆದುಕೊಡಬೇಡಿ. ಬೇರೆ ಕಾರಣಕ್ಕೆ ಕೊಡಲೇಬೇಕಾದರೆ, ನಮ್ಮನ್ನು ಕೊನೆತನಕ ನೋಡಿಕೊಳ್ಳಬೇಕು ಎಂಬ ಷರತ್ತನ್ನು ದಾನಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯ 23ನೇ ಕಲಮಿನ ಪ್ರಕಾರ ಅಂಥ ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು.

ಕ್ಷೇತ್ರೋತ್ಸವದಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ನಾನು ತಡವಾಗಿಯಾದರೂ ಉತ್ತರ ಮುಟ್ಟಿಸಿದೆ. ಅವರು ನಾಲ್ಕನೇ ತರಗತಿಯವರೆಗೆ ಓದಿದ್ದ ಶಾಲೆಯ ಪುಸ್ತಕದಲ್ಲಿ ಹೆಸರು ಸಿಕ್ಕಿತು. ಅದರ ಪ್ರಕಾರ ಅವರಿಗೆ 65 ತುಂಬಿ ಎಂಟು ತಿಂಗಳಾಗಿತ್ತು. ಆಧಾರ್ ತಿದ್ದುಪಡಿಗೆ ಅರ್ಜಿ ಹೋಗಿದೆ, ಮಾಸಾಶನದ ಅರ್ಜಿ ಇನ್ನೂ ಬಾಕಿ. "ಎಂಟು ತಿಂಗಳಿಂದ ಮುದುಕ ಆಗಿದ್ದೆ, ನಂಗೇ ಗೊತ್ತಿರಲಿಲ್ಲ" ಎಂದರು. ಈ ಸಲ ಅವರೂ ನಕ್ಕರು.

ಇಂಥ ಕಾಗದದ ಚೀಲ ನಿಮ್ಮ ಮನೆಯಲ್ಲೂ ಇರುತ್ತದೆ. ಬರುವ ಅಮಾವಾಸ್ಯೆಗೆ ಆರು ಕಟ್ಟದ ದಿನ ಅದನ್ನು ಬಿಚ್ಚಿ, ಹೆಸರು, ದಿನಾಂಕ, ಸರ್ವೆ ನಂಬರುಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ತಪ್ಪು ಕಂಡರೆ ಮರುದಿನವೇ ಕೆಲಸ ಹಿಡಿಯಿರಿ. ಗ್ರಾಮಸಭೆಯಲ್ಲಿ ಮಾತನಾಡುವ ಅವಕಾಶ ಬಂದಾಗ ಮೇಲಿನ ಐದು ಮಾರ್ಪಾಡುಗಳನ್ನು ಕುರಿತು ದನಿ ಎತ್ತಿ, ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ನಾಡಿಗೆ ಅನ್ನವಿಕ್ಕಿದವನು ಮುಪ್ಪಿನಲ್ಲಿ ಬೇಡುವುದು ದಾನವನ್ನಲ್ಲ, ದುಡಿದ ಲೆಕ್ಕದ ಬಾಕಿಯನ್ನು.